ಹೊಸ್ತಿಲಿನಲ್ಲಿ ಮಾತಿಲ್ಲ

ಅಡಿಗೆ, ಆರೋಗ್ಯ, ಮಕ್ಕಳ ಶಿಕ್ಷಣ, ಮನೆಯ ಲೆಕ್ಕಪತ್ರ ಇವುಗಳ ವಿಷಯವಾಗಿ ಬರೆಯತಕ್ಕ ಈ ಪುಟದಲ್ಲಿ ಕಂಪ್ಯೂಟರಿನ ಪ್ರಸ್ತಾಪವೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಅದಕ್ಕೆ ನನ್ನ ಉತ್ತರವಿಷ್ಟೇ: ಈಗ ಕಂಪ್ಯೂಟರೂ ಮನೆಯ ಸಾಮಾನುಗಳಲ್ಲೊಂದಾಗಿದೆ, ಮನೆಯಲ್ಲಿ ಕಣ್ಣಿಲ್ಲದವರೊಬ್ಬರಿದ್ದರಂತೂ ಅದು ಬರಿಯ ಸಾಮಾನಲ್ಲ, ಅವರ ಪಾಲಿಗೆ ಓದುವ ಕಣ್ಣೂ ಬರೆಯುವ ಕೈಯೂ ಆಗಿರುತ್ತದೆ. ಅಂಥ ಸಾಧನದಲ್ಲಿ ಏನಾದರೊಂದು ಬದಲಾವಣೆ ಮಾಡಬೇಕಾಗಿ ಬಂದಾಗ ಅವರಿಗೆ ಒದಗುವ ಕಷ್ಟವೇನು, ಆಗ ಕಣ್ಣಿರುವ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದು ಸಂಸಾರದ ವಿಷಯವೇ ಸರಿ. ಈ ಪಾಠವನ್ನು ನಾನು ಪುಸ್ತಕದಿಂದ ಕಲಿತವನಲ್ಲ; ನನ್ನ ಸ್ವಂತ ತಪ್ಪಿನಿಂದ ಕಲಿತೆನು. ಅದನ್ನು ಮುಚ್ಚಿಡದೆ ಹೇಳಿಬಿಟ್ಟರೆ ಇತರರಿಗಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಮ್ಮ ಅಕ್ಕನ ಮಗ ಒಂದು ತಾಲ್ಲೂಕು ಪಟ್ಟಣದ ಕಾಲೇಜಿನಲ್ಲಿ ಚರಿತ್ರೆಯ ಉಪನ್ಯಾಸಕ. ಹುಟ್ಟಿನಿಂದಲೂ ಅವನಿಗೆ ದೃಷ್ಟಿಯಿಲ್ಲ. ಪಾಠದ ಟಿಪ್ಪಣಿಗಳು, ಹುಡುಗರ ಅಂಕಪಟ್ಟಿ, ಬ್ಯಾಂಕಿನ ವ್ಯವಹಾರ, ಪತ್ರವ್ಯವಹಾರ ಎಲ್ಲವೂ ಅವನ ಲ್ಯಾಪ್‌ಟಾಪಿನಲ್ಲಿಯೇ. ಹನ್ನೊಂದು ವರ್ಷಗಳ ಟಿಪ್ಪಣಿ ಅದರೊಳಗಿದೆ. ಕಳೆದ 2025 ರ ದೀಪಾವಳಿಗೆ ಅವನು ನಮ್ಮ ಮನೆಗೆ ಬಂದಾಗ ಆ ಲ್ಯಾಪ್‌ಟಾಪನ್ನೂ, ಎರಡು ಪೆನ್‌ಡ್ರೈವುಗಳನ್ನೂ ತಂದಿದ್ದನು. “ಏನಪ್ಪಾ, ಹಬ್ಬಕ್ಕೆ ಬಂದೆಯೋ, ಆಫೀಸಿನ ಕೆಲಸಕ್ಕೆ ಬಂದೆಯೋ?” ಎಂದು ಕೇಳಿದೆ. “ಎರಡಕ್ಕೂ ಮಾವ. ಈ ರಜೆಯಲ್ಲಿ ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಹಾಕಿಕೊಳ್ಳಬೇಕು. ಮಧ್ಯೆ ಒಂದೆರಡು ಸಲ ನಿಮ್ಮ ಕಣ್ಣು ಸಾಲ ಬೇಕಾಗಬಹುದು” ಎಂದನು.

ಮುಂದಿನ ಸಂಗತಿ ತಿಳಿಯಬೇಕಾದರೆ ಕಣ್ಣಿಲ್ಲದವರು ಕಂಪ್ಯೂಟರನ್ನು ಹೇಗೆ ಉಪಯೋಗಿಸುವರೆಂಬುದನ್ನು ಮೊದಲು ಹೇಳಬೇಕು. ಅವರು ಮೌಸನ್ನು ಮುಟ್ಟುವುದಿಲ್ಲ; ಎಲ್ಲವೂ ಕೀಲಿಮಣೆಯಿಂದಲೇ. ಪರದೆಯ ಮೇಲೆ ಬಂದದ್ದನ್ನು ಓದಿಹೇಳುವುದಕ್ಕೆ ಸ್ಕ್ರೀನ್ ರೀಡರ್ ಎಂಬ ಒಂದು ತಂತ್ರಾಂಶವಿರುತ್ತದೆ. ಅದು ಸಾಲುಗಳನ್ನು ಓದುವುದಲ್ಲದೆ, “ಇದು ಬಟನ್”, “ಇದು ಪಟ್ಟಿ, ಐದರಲ್ಲಿ ಎರಡನೆಯದು”, “ಇಲ್ಲಿ ಗುರುತು ಹಾಕಿದೆ” ಎಂದು ಪ್ರತಿಯೊಂದು ವಸ್ತುವಿನ ಜಾತಿಯನ್ನೂ ಸ್ಥಿತಿಯನ್ನೂ ತಿಳಿಸುತ್ತದೆ. ಆದರೆ ಒಂದು ನಿಬಂಧನೆಯುಂಟು. ತಂತ್ರಾಂಶವನ್ನು ಬರೆದವನು ಆ ಬಟನ್ನಿಗೆ ಒಂದು ಹೆಸರನ್ನು ಒಳಗಡೆ ಬರೆದಿಟ್ಟಿರಬೇಕು. ಬರಿಯ ಚಿತ್ರವನ್ನು ಬರೆದು ಹೆಸರಿಡದೆ ಬಿಟ್ಟಿದ್ದರೆ, ಓದುವ ತಂತ್ರಾಂಶ ಎಷ್ಟು ಜಾಣನಾದರೂ “ಬಟನ್” ಎಂದು ಹೇಳಿ ಸುಮ್ಮನಾಗುತ್ತದೆ.

ಈ ಓದುವ ತಂತ್ರಾಂಶಗಳ ಚರಿತ್ರೆಯೂ ತಿಳಿಯತಕ್ಕದ್ದೇ. ‘ಜಾಸ್’ ಎಂಬುದನ್ನು 1989 ರಲ್ಲಿ ಹೊರತಂದ ಟೆಡ್ ಹೆಂಟರ್ ಎಂಬ ಅಮೆರಿಕದವರು ಮೊದಲು ಮೋಟಾರ್‌ಸೈಕಲ್ ಪಂದ್ಯಗಳಲ್ಲಿ ಓಡುತ್ತಿದ್ದವರು. 1978 ರಲ್ಲಿ ವಾಹನ ಅಪಘಾತದಲ್ಲಿ ಕಣ್ಣು ಕಳೆದುಕೊಂಡರು. ಅದು ಹಣ ಕೊಟ್ಟು ಕೊಳ್ಳಬೇಕಾದದ್ದು, ಬಡ ವಿದ್ಯಾರ್ಥಿಗೆ ಎಟುಕುವಂಥದಲ್ಲ. ಈ ಕೊರತೆಯನ್ನು ನೀಗಲು ಆಸ್ಟ್ರೇಲಿಯಾದ ಮೈಕೇಲ್ ಕರನ್ ಎಂಬ ಅಂಧ ಯುವಕರು 2006 ರಲ್ಲಿ ‘ಎನ್‌ವಿಡಿಎ’ ಎಂಬುದನ್ನು ಬರೆಯತೊಡಗಿದರು. ಅವರಂತೆಯೇ ದೃಷ್ಟಿಯಿಲ್ಲದ ಜೇಮ್ಸ್ ಟೆಹ್ ಅವರ ಜೊತೆಗೂಡಿದರು. ಅದು ಧರ್ಮಾರ್ಥವಾಗಿ ದೊರೆಯುತ್ತದೆ. ಇವೆರಡೂ ವಿಂಡೋಸಿನವು. ಲಿನಕ್ಸಿಗೆ ‘ಓರ್ಕಾ’ ಎಂಬುದಿದೆ. ಅದು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಹುಟ್ಟಿ, 2006 ರಿಂದ ಲಿನಕ್ಸಿನ ಪ್ರಸಿದ್ಧ ಮೇಜುಕಟ್ಟಾದ ಗ್ನೋಮಿನ ಜೊತೆಯಲ್ಲಿಯೇ ಬರುತ್ತಿದೆ.

ಎನ್‌ವಿಡಿಎಗೂ ಓರ್ಕಾಗೂ ಮೊದಲೇ ನಮ್ಮ ದೇಶದವರೇ ಒಬ್ಬರು ಮಾಡಿದ ಕೆಲಸವನ್ನು ಇಲ್ಲಿ ಸ್ಮರಿಸಬೇಕು. ಪುಣೆಯಲ್ಲಿ ಬೆಳೆದ ಟಿ. ವಿ. ರಾಮನ್ ಅವರು 14 ನೆಯ ವಯಸ್ಸಿನಲ್ಲಿ ಗ್ಲಾಕೋಮಾ ರೋಗದಿಂದ ಕಣ್ಣು ಕಳೆದುಕೊಂಡರು. ಆದರೂ ಪುಣೆಯಲ್ಲಿ ಗಣಿತವನ್ನೂ ಮುಂಬಯಿಯ ಐಐಟಿಯಲ್ಲಿ ಕಂಪ್ಯೂಟರ್ ಶಾಸ್ತ್ರವನ್ನೂ ಓದಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ, ಗಣಿತದ ಬರಹವನ್ನು ಯಂತ್ರವು ಕಿವಿಗೆ ತಿಳಿಯುವಂತೆ ಓದುವುದು ಹೇಗೆಂಬ ವಿಷಯದಲ್ಲಿ 1994 ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷ ಲಿನಕ್ಸಿನಲ್ಲಿ ಕೆಲಸಮಾಡುವ ‘ಇಮ್ಯಾಕ್‌ಸ್ಪೀಕ್’ ಎಂಬ ಮಾತನಾಡುವ ತಂತ್ರಾಂಶವನ್ನು ರಚಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಹೀಗೆ ಕಣ್ಣಿಲ್ಲದವರ ಯಂತ್ರಕ್ಕೆ ಬಾಯಿ ಕೊಟ್ಟವರಲ್ಲಿ ಅನೇಕರು ಕಣ್ಣಿಲ್ಲದವರೇ.

ಇನ್ನು ನಮ್ಮ ಹುಡುಗನ ಉದ್ದೇಶವೇನು? ವಿಂಡೋಸಿನ ಹತ್ತನೆಯ ಆವೃತ್ತಿಗೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025 ರ ಅಕ್ಟೋಬರ್ 14 ಕ್ಕೆ ಮುಗಿಯಿತು. ಹನ್ನೊಂದನೆಯ ಆವೃತ್ತಿಯನ್ನು ಹಾಕೋಣವೆಂದರೆ ಅದು ಕೇಳುವ ಭದ್ರತೆಯ ಚಿಪ್ಪೂ ಹೊಸ ಪ್ರೊಸೆಸರೂ ಅವನ ಹಳೆಯ ಲ್ಯಾಪ್‌ಟಾಪಿನಲ್ಲಿಲ್ಲ. ಯಂತ್ರವಾದರೋ ಗಟ್ಟಿಯಾಗಿದೆ, ಅದನ್ನು ಎಸೆದು ಹೊಸದನ್ನು ಕೊಳ್ಳುವುದಕ್ಕೆ ಅವನಿಗೆ ಮನಸ್ಸಿಲ್ಲ. ಲಿನಕ್ಸ್ ಎಂಬುದು 1991 ರಲ್ಲಿ ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿ, ಲೋಕದ ಸಾವಿರಾರು ಜನರು ಕೈಗೂಡಿಸಿ ಬೆಳೆಸಿದ ವ್ಯವಸ್ಥೆ. ಹಳೆಯ ಯಂತ್ರಗಳಲ್ಲಿಯೂ ಚೆನ್ನಾಗಿ ನಡೆಯುತ್ತದೆ, ಬೆಲೆಯೂ ಇಲ್ಲ. ಆದರೆ ಕಾಲೇಜಿನ ಕೆಲವು ಕೆಲಸಗಳು ವಿಂಡೋಸಿನಲ್ಲಿಯೇ ಆಗತಕ್ಕವು. ಎನ್‌ವಿಡಿಎಯ ರೂಢಿಯೂ ಬಿಡುವಂಥದಲ್ಲ. ಆದಕಾರಣ ಎರಡೂ ಇರಲಿ ಎಂದು ಅವನ ತೀರ್ಮಾನ.

ಒಂದೇ ಯಂತ್ರದಲ್ಲಿ ಎರಡನ್ನು ಇಡುವುದೆಂದರೆ, ಒಂದೇ ನಿವೇಶನದಲ್ಲಿ ಅಣ್ಣತಮ್ಮಂದಿರಿಬ್ಬರು ಗೋಡೆ ಹಾಕಿಕೊಂಡು ಸಂಸಾರ ಮಾಡುವಂತೆ. ಮೊದಲಿಂದ ಇದ್ದ ಅಣ್ಣನು ಸ್ವಲ್ಪ ಸರಿದು ಜಾಗ ಬಿಡಬೇಕು. ಬಿಟ್ಟ ಜಾಗದಲ್ಲಿ ತಮ್ಮನು ಮನೆ ಕಟ್ಟಬೇಕು. ಬೀದಿಬಾಗಿಲು ಮಾತ್ರ ಒಂದೇ. ಯಾರ ಮನೆಗೆ ಹೋಗಬೇಕೆಂಬುದನ್ನು ಯಂತ್ರವನ್ನು ಚಾಲೂ ಮಾಡಿದಾಗಲೆಲ್ಲ ಬಾಗಿಲಲ್ಲಿ ಹೇಳಬೇಕು. ಕಣ್ಣಿರುವವರಿಗೆ ಇದೊಂದು ಸಾಯಂಕಾಲದ ಕೆಲಸ. ಕಣ್ಣಿಲ್ಲದವರಿಗೆ ಎಲ್ಲಿ ತೊಡಕೆಂದರೆ, ಎರಡು ಮನೆಗಳ ಒಳಗೂ ಮಾತುಂಟು. ಬಾಗಿಲಲ್ಲಿ ಮಾತ್ರ ಮಾತಿಲ್ಲ.

ಇದಕ್ಕೆ ಕಾರಣವುಂಟು. ಓದಿಹೇಳುವ ತಂತ್ರಾಂಶವು ವಿಂಡೋಸ್ ಅಥವಾ ಲಿನಕ್ಸಿನ ಒಳಗೆ ವಾಸಮಾಡತಕ್ಕದ್ದು. ಯಂತ್ರಕ್ಕೆ ವಿದ್ಯುತ್ತು ಬಂದೊಡನೆ ಎಚ್ಚರವಾಗುವುದು ಅವೆರಡೂ ಅಲ್ಲ. ತಯಾರಕರು ಹಲಗೆಯ ಮೇಲಿನ ಚಿಪ್ಪಿನಲ್ಲಿ ಇಟ್ಟಿರುವ ಫರ್ಮ್‌ವೇರ್ ಎಂಬ ಸಣ್ಣ ತಂತ್ರಾಂಶ. ಯಾವ ಡಿಸ್ಕಿನಿಂದ ಆರಂಭಿಸಬೇಕೆಂದು ಕೇಳತಕ್ಕದ್ದು ಅದೇ. ಆ ಹೊತ್ತಿನಲ್ಲಿ ಧ್ವನಿಯ ವ್ಯವಸ್ಥೆಯೇ ಇನ್ನೂ ಎದ್ದಿರುವುದಿಲ್ಲ. ಪರದೆಯ ಮೇಲೆ ನೀಲಿಯ ಪಟ್ಟಿ, ಬಿಳಿಯ ಅಕ್ಷರ. ಸದ್ದು ಮಾತ್ರ ಇಲ್ಲ. ಕೆನಡಾದ ಕರ್ಕ್ ರೈಸರ್ ಎಂಬ ಅಂಧ ತಂತ್ರಜ್ಞರು ಆರಂಭಿಸಿದ ‘ಸ್ಪೀಕಪ್’ ಎಂಬುದು ಲಿನಕ್ಸಿನ ತಿರುಳಿನಲ್ಲಿಯೇ ಸೇರಿಕೊಂಡು, ಚಿತ್ರಪಟದ ಮೇಜು ಬರುವುದಕ್ಕಿಂತ ಮುಂಚೆಯೇ ಮಾತನಾಡಬಲ್ಲದು. ಅದು ಕೂಡ ಈ ಫರ್ಮ್‌ವೇರಿನ ತನಕ ಹೋಗಲಾರದು.

ಹುಡುಗನು ಅಣ್ಣನ ಮನೆಯೊಳಗಿನ ಕೆಲಸಗಳನ್ನೆಲ್ಲ ತಾನೊಬ್ಬನೇ ಮುಗಿಸಿದ್ದನು. ಟಿಪ್ಪಣಿಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಟ್ಟಿದ್ದನು. ಜಾಗ ಬಿಡಿಸುವುದಕ್ಕೆ ಚಿತ್ರದ ಗೆರೆಯನ್ನು ಮೌಸಿನಿಂದ ಎಳೆಯಬೇಕಾಗಿಲ್ಲ, ಡಿಸ್ಕ್‌ಪಾರ್ಟ್ ಎಂಬುದನ್ನು ತೆರೆದು ಒಂದು ಆಜ್ಞೆಯನ್ನು ಬೆರಳಚ್ಚು ಮಾಡಿದರೆ ಸಾಕು. ಹಾಗೆ 1,22,880 ಎಂಬ ಅಂಕಿಯನ್ನು ಬರೆದು 120 ಜಿಬಿ ಜಾಗವನ್ನು ತೆರವು ಮಾಡಿದ್ದನು. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಎಂಬುದನ್ನು ತೆಗೆದುಹಾಕಿದ್ದನು. ಅದಿದ್ದರೆ ವಿಂಡೋಸು ಪೂರ್ತಿ ಮುಚ್ಚದೆ ಅರೆನಿದ್ರೆಯಲ್ಲಿರುತ್ತದೆ, ಆಗ ಅದರ ಡಿಸ್ಕಿಗೆ ಲಿನಕ್ಸು ಕೈಹಾಕುವುದು ಅಪಾಯ. ಬಿಟ್‌ಲಾಕರಿನ 48 ಅಂಕಿಗಳ ಕೀಲಿಯನ್ನು ಬ್ರೈಲಿನಲ್ಲಿ ಬರೆದಿಟ್ಟುಕೊಂಡಿದ್ದನು. ಡಿಸ್ಕಿಗೆ ಆ ಬೀಗ ಹಾಕಿದ್ದಲ್ಲಿ, ಆರಂಭದ ವ್ಯವಸ್ಥೆಯನ್ನು ಬದಲಾಯಿಸಿದಾಗ ವಿಂಡೋಸು ಗಾಬರಿಯಾಗಿ ಈ ಅಂಕಿಗಳನ್ನು ಕೇಳುವುದುಂಟು. ಆಗ ಹುಡುಕಿದರೆ ಪ್ರಯೋಜನವಿಲ್ಲ.

ಮೊದಲ ದಿನ ಅವನು ಸ್ನೇಹಿತರೊಬ್ಬರು ಹೊಗಳಿದ ಒಂದು ಲಿನಕ್ಸನ್ನು ಪೆನ್‌ಡ್ರೈವಿನಿಂದ ತೆರೆದನು. ಬೀದಿಬಾಗಿಲಿನ ಪಟ್ಟಿಯನ್ನು ನಾನು ಓದಿಹೇಳಿದೆ. ಒಳಗೆ ಹೋದಮೇಲೆ ಆಲ್ಟ್, ಸೂಪರ್, ಎಸ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದನು. ಒಂದು ಕ್ಷಣ ಕಳೆದು ಓರ್ಕಾ ಮಾತನಾಡಿತು. ಅವನ ಮುಖ ಅರಳಿತು. ಎನ್‌ವಿಡಿಎಯಲ್ಲಿ ಅವನು ಕೇಳುತ್ತಿದ್ದ ‘ಈಸ್ಪೀಕ್’ ಎಂಬ ಕಂಠವೇ ಇಲ್ಲಿಯೂ ಇತ್ತು. ಆ ಕಂಠಕ್ಕೆ ಕನ್ನಡವೂ ಬರುತ್ತದೆ; ಉಚ್ಚಾರ ಯಂತ್ರದ್ದೇ ಆದರೂ ಅರ್ಥಕ್ಕೆ ಕೊರತೆಯಿಲ್ಲ. “ಪರವೂರಿನಲ್ಲಿ ಪರಿಚಯದವರು ಸಿಕ್ಕಿದ ಹಾಗಾಯಿತು ಮಾವ” ಎಂದನು. ಇನ್ನು ನನ್ನ ಕೆಲಸವಿಲ್ಲವೆಂದು ನಾನು ಪತ್ರಿಕೆ ಹಿಡಿದು ಪಕ್ಕದ ಕೋಣೆಗೆ ಹೋದೆ.

ಕಾಲು ಗಂಟೆಯೊಳಗೆ ಕರೆ ಬಂದಿತು. “ಮಾವ, ಸ್ವಲ್ಪ ಬನ್ನಿ. ಇಲ್ಲಿಯ ತನಕ ಎಲ್ಲ ಓದುತ್ತಿತ್ತು. ಈಗ ಬರಿಯ ‘ಬಟನ್, ಬಟನ್’ ಅನ್ನುತ್ತಿದೆ. ಪರದೆಯ ಮೇಲೆ ಏನಿದೆ ಓದಿ.” ಹೋಗಿ ನೋಡಿದೆ. ಡಿಸ್ಕನ್ನು ಭಾಗಮಾಡುವ ಪುಟ ಅದು. ಎರಡು ಬಣ್ಣದ ಒಂದು ಪಟ್ಟೆಯ ಚಿತ್ರ, ಕೆಳಗೆ ಒಂದೆರಡು ಸಾಲು, ಮೂಲೆಯಲ್ಲಿ ‘ಮುಂದೆ’ ಎಂಬ ಬಟನ್. ನನಗೆ ಓದುತ್ತಿದ್ದ ಸಂಪಾದಕೀಯದ ಮೇಲೆ ಮನಸ್ಸು. “ಎಲ್ಲಾ ಸರಿಯಾಗಿದೆ ಕಣೋ, ಮುಂದೆ ಒತ್ತಬಹುದು” ಎಂದೆ. ಅಷ್ಟೇ ಅಲ್ಲ, ಅವನಿಗೆ ಶ್ರಮವೇಕೆಂದು ನಾನೇ ಒತ್ತಲು ಮೌಸಿನ ಮೇಲೆ ಕೈಯನ್ನೂ ಇಟ್ಟೆ.

“ತಡೆಯಿರಿ. ಸರಿಯಾಗಿದೆ ಎಂಬುದು ನನಗೆ ಬೇಡ ಮಾವ. ಏನು ಬರೆದಿದೆಯೋ ಅದನ್ನು ಇದ್ದ ಹಾಗೆ ಓದಿ. ಎಷ್ಟು ಸಾಲಿದೆ? ಗುರುತು ಯಾವುದರ ಮುಂದೆ ಇದೆ?”

ಕನ್ನಡಕ ಸರಿಮಾಡಿಕೊಂಡು ಓದಿದೆ. ಎರಡು ಸಾಲುಗಳಿದ್ದವು. ಮೊದಲನೆಯದು, ವಿಂಡೋಸಿನ ಪಕ್ಕದಲ್ಲಿ ಸ್ಥಾಪಿಸುವುದೆಂದು. ಎರಡನೆಯದು, ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಸ್ಥಾಪಿಸುವುದೆಂದು. ಗುರುತು ಇದ್ದದ್ದು ಎರಡನೆಯದರ ಮುಂದೆ. ಹೆಸರಿಲ್ಲದ ಬಟನ್ನುಗಳ ನಡುವೆ ತಡಕಾಡುವಾಗ ಅವನ ಬೆರಳಿನಿಂದಲೇ ಅದು ಸರಿದಿತ್ತು. ಸರಿದದ್ದನ್ನು ಅವನಿಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿದ್ದ ತಂತ್ರಾಂಶ ಹೇಳಲಿಲ್ಲ; ಹೇಳುವುದಕ್ಕೆಂದೇ ಕರೆಸಿಕೊಂಡ ನಾನೂ ಹೇಳಲಿಲ್ಲ. ಹನ್ನೊಂದು ವರ್ಷದ ಟಿಪ್ಪಣಿಗೆ ನಕಲಿತ್ತೆಂಬುದು ನಿಜ. ಆದರೆ ಅವನು ವರ್ಷಗಟ್ಟಲೆ ಕೂತು ಕೈಗೆ ಒಗ್ಗಿಸಿಕೊಂಡಿದ್ದ ಮನೆ ಒಂದು ನಿಮಿಷದಲ್ಲಿ ನೆಲಸಮವಾಗುತ್ತಿತ್ತು. ಅದನ್ನು ಮಾಡಬಹುದಾಗಿದ್ದ ಕೈ ನನ್ನದು.

ಅವನು ಕೋಪಿಸಿಕೊಳ್ಳಲಿಲ್ಲ. ಯಂತ್ರವನ್ನು ಆರಿಸಿದನು. ರಾತ್ರಿ ಊಟವಾದ ಮೇಲೆ ನಾನೇ ಮಾತೆತ್ತಿದೆ. ಅವನು ಹೇಳಿದ್ದು ಇಷ್ಟು: “ನೀವೊಬ್ಬರೇ ಅಲ್ಲ ಮಾವ, ಕಣ್ಣಿರುವವರು ಎಲ್ಲರೂ ಹೀಗೆಯೇ. ನೋಡಿದ್ದನ್ನು ಹೇಳುವುದಿಲ್ಲ, ನೋಡಿ ಏನು ತೋರಿತೋ ಅದನ್ನು ಹೇಳುತ್ತೀರಿ. ನನಗೆ ಬೇಕಾದ್ದು ಅಭಿಪ್ರಾಯವಲ್ಲ, ಅಕ್ಷರ. ತೀರ್ಮಾನ ನಾನು ಮಾಡಿಕೊಳ್ಳುತ್ತೇನೆ.” ನಾನು ನಲವತ್ತು ವರ್ಷ ಸಂಸಾರ ಮಾಡಿದವನು, ಉಪಕಾರ ಮಾಡುವುದು ಬಲ್ಲೆನೆಂದು ನನಗೊಂದು ನಂಬಿಕೆಯಿತ್ತು. ಆ ರಾತ್ರಿ ಅದು ಅಲುಗಿತು.

ಮರುದಿನ ಬೆಳಿಗ್ಗೆ ಎರಡನೆಯ ಪೆನ್‌ಡ್ರೈವು ಹೊರಬಂದಿತು. ಅದರಲ್ಲಿದ್ದದ್ದು ಡೆಬಿಯನ್ ಎಂಬ ಲಿನಕ್ಸು. 1993 ರಲ್ಲಿ ಆರಂಭವಾಗಿ, ಲೋಕದ ನಾನಾ ಕಡೆಯ ಸ್ವಯಂಸೇವಕರಿಂದ ನಡೆಯುತ್ತಿರುವ ಸಂಘದ ಕೃತಿ ಅದು. 2013 ರಲ್ಲಿ ಹೊರಬಂದ ಅದರ ಏಳನೆಯ ಆವೃತ್ತಿಯಿಂದ ಮೊದಲ್ಗೊಂಡು, ಸ್ಥಾಪನೆಯ ಕೆಲಸವನ್ನು ಆದಿಯಿಂದಲೂ ಮಾತಿನ ಸಹಾಯದಿಂದ ನಡೆಸುವ ಏರ್ಪಾಡು ಇದೆ. ಬೀದಿಬಾಗಿಲನ್ನು ದಾಟುವುದಕ್ಕೆ ಈ ಸಲ ಅವನು ಬೇರೆ ಉಪಾಯ ಮಾಡಿದನು. ವಿಂಡೋಸಿನ ಒಳಗೆ, ಅಂದರೆ ಮಾತಿರುವ ಮನೆಯೊಳಗಿಂದಲೇ, ‘ಮುಂದಿನ ಸಲ ಪೆನ್‌ಡ್ರೈವಿನಿಂದ ಆರಂಭಿಸು’ ಎಂದು ಹೇಳಿಕೊಡುವ ದಾರಿಯೊಂದುಂಟು. ಸೆಟ್ಟಿಂಗ್ಸಿನಲ್ಲಿ ‘ಅಡ್ವಾನ್ಸ್ಡ್ ಸ್ಟಾರ್ಟಪ್’ ಎಂದು ಅದರ ಹೆಸರು. ಅದರ ಮುಂದೆ ಬರುವ ನೀಲಿಯ ಪುಟವನ್ನು ನಾನು ಒಂದು ಸಲ ಇದ್ದ ಹಾಗೆ ಓದಿದೆ. ಯಾವ ಕೀಲಿಯನ್ನು ಎಷ್ಟು ಸಲ ಒತ್ತಬೇಕೆಂದು ಅವನು ಲೆಕ್ಕ ಇಟ್ಟುಕೊಂಡನು. ಮತ್ತೆ ಓದಿಸಿಕೊಳ್ಳಲಿಲ್ಲ.

ಡೆಬಿಯನ್ನಿನ ಪಟ್ಟಿ ಪರದೆಗೆ ಬಂದೊಡನೆ ಯಂತ್ರವು ಎರಡು ಸಲ ‘ಬೀಪ್, ಬೀಪ್’ ಎಂದಿತು. ಹಳೆಯ ಬಗೆಯ ಫರ್ಮ್‌ವೇರಿದ್ದರೆ ಒಂದು ಸಲ, ಹೊಸ ಬಗೆಯದಾದರೆ ಎರಡು ಸಲ. ಇದು ಕಣ್ಣಿಲ್ಲದವರಿಗಾಗಿಯೇ ಇಟ್ಟ ಸಂಜ್ಞೆ. ಅವನು ಎಸ್ ಕೀಲಿಯನ್ನೂ ಎಂಟರ್ ಕೀಲಿಯನ್ನೂ ಒತ್ತಿ ಕಾದನು. ಕೊಂಚ ಹೊತ್ತಿನಲ್ಲಿ ಆ ಪರಿಚಯದ ಕಂಠವು ಕೇಳಿಸಿತು. ಒಂದಕ್ಕಿಂತ ಹೆಚ್ಚು ಧ್ವನಿಮಾರ್ಗಗಳಿರುವ ಯಂತ್ರಗಳಲ್ಲಿ ಅದು ಒಂದೊಂದರಲ್ಲಿಯೂ ಮಾತನಾಡಿ, “ನಿಮಗೆ ಕೇಳಿಸಿದರೆ ಎಂಟರ್ ಒತ್ತಿ” ಎಂದು ಕೇಳುತ್ತದೆ. ಎಷ್ಟು ಸಣ್ಣ ವಿಷಯ! ಆದರೆ ಮಾತು ಬೇರೆ ಮಾರ್ಗದಲ್ಲಿ ಹೋಗಿ ಕಿವಿಗೆ ಬೀಳದಿದ್ದರೆ, ಯಂತ್ರ ಕೆಟ್ಟಿದೆಯೋ ಮೂಕವಾಗಿದೆಯೋ ಎಂದು ಅರಿಯದೆ ಕಂಗೆಟ್ಟು ಕೂರಬೇಕಾಗುತ್ತದೆ. ಇದನ್ನು ಯೋಚಿಸಿದವರು ಆ ಕಷ್ಟವನ್ನು ಬಲ್ಲವರೇ ಆಗಿರಬೇಕು.

ಈ ಸ್ಥಾಪನೆಯಲ್ಲಿ ಚಿತ್ರವಿಲ್ಲ, ಪಟ್ಟೆಯಿಲ್ಲ. ಒಂದು ಪ್ರಶ್ನೆ, ಅದರ ಕೆಳಗೆ ಸಂಖ್ಯೆ ಹಾಕಿದ ಉತ್ತರಗಳು, ಬೇಕಾದ ಸಂಖ್ಯೆಯನ್ನು ಒತ್ತುವುದು. ಡಿಸ್ಕಿನ ಪ್ರಶ್ನೆ ಬಂದಾಗ ನಾನು ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ. ಅವನು ‘ಖಾಲಿಯಿರುವ ಅತಿ ದೊಡ್ಡ ಜಾಗವನ್ನು ಉಪಯೋಗಿಸು’ ಎಂಬ ಉತ್ತರದ ಸಂಖ್ಯೆಯನ್ನು ಕೊಟ್ಟನು. ಮುಂಚೆಯೇ ಬಿಡಿಸಿದ್ದ 120 ಜಿಬಿ ಅದೇ. ಕೊನೆಗೆ, ಏನೇನು ಬದಲಾವಣೆ ಆಗುವುದೆಂದು ಪೂರ್ತಿ ಓದಿಹೇಳಿ, “ಡಿಸ್ಕಿಗೆ ಬರೆಯಲೇ?” ಎಂದು ಕೇಳಿತು. ಉತ್ತರ ಹೇಳದೆ ಬರಿಯ ಎಂಟರ್ ಒತ್ತಿದರೆ ‘ಬೇಡ’ ಎಂದೇ ತಿಳಿಯತಕ್ಕದ್ದು. ಅವನು ಎರಡು ಸಲ ಕೇಳಿ, ‘ಹೌದು’ ಎಂದು ಕೊಟ್ಟನು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಹೊಸ ಮನೆಯೂ ಬಾಗಿಲು ತೆರೆದ ಕೂಡಲೇ ತಾನಾಗಿಯೇ ಮಾತನಾಡಿತು. ಮಾತಿನ ಸಹಾಯದಿಂದ ಸ್ಥಾಪಿಸಿದರೆ ಮುಂದೆಯೂ ಮಾತು ಬೇಕೆಂದು ಡೆಬಿಯನ್ನು ತಿಳಿದುಕೊಳ್ಳುತ್ತದೆ.

ಒಂದು ತೊಡಕು ಇನ್ನೂ ಉಳಿದಿದೆ. ಎರಡು ಮನೆಗಳಾದ ಮೇಲೆ ಯಂತ್ರ ಏಳುವಾಗಲೆಲ್ಲ ‘ಗ್ರಬ್’ ಎಂಬ ದ್ವಾರಪಾಲಕನು ಒಂದು ಪಟ್ಟಿಯನ್ನು ತೋರಿಸಿ ಐದು ಸೆಕೆಂಡು ಕಾಯುತ್ತಾನೆ. ಅವನೂ ಮೂಕ. ಐದು ಸೆಕೆಂಡಿನಲ್ಲಿ ಏನನ್ನೂ ಒತ್ತದಿದ್ದರೆ ಲಿನಕ್ಸು. ಕೆಳಗಿನ ಬಾಣವನ್ನು ಎರಡು ಸಲ ಒತ್ತಿ ಎಂಟರ್ ಕೊಟ್ಟರೆ ವಿಂಡೋಸು. ಪಟ್ಟಿ ಯಾವಾಗ ಬಂದಿತೆಂದು ತಿಳಿಯುವುದು ಹೇಗೆ? ಗ್ರಬ್ಬಿನ ನಿಯಮಗಳ ಕಡತದಲ್ಲಿ ಒಂದು ಸಣ್ಣ ರಾಗ ನುಡಿಸುವ ಸಾಲು ಉಂಟು; ಅದರ ಮುಂದೆ ಒಂದು ಚಿಹ್ನೆ ಹಾಕಿ ನಿಲ್ಲಿಸಿರುತ್ತಾರೆ. ಅವನು ಆ ಚಿಹ್ನೆಯನ್ನು ಅಳಿಸಿದನು; ಈಗ ಪಟ್ಟಿ ಬಂದಾಗ ಯಂತ್ರ ಒಂದು ಸಲ ಕೂಗುತ್ತದೆ. ಈಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಈ ಕೂಗುವ ಸಾಧನವನ್ನೇ ತೆಗೆದುಬಿಟ್ಟಿದ್ದಾರೆ. ಹಳೆಯದಾದ್ದರಿಂದ ಇವನದರಲ್ಲಿ ಉಳಿದಿತ್ತು. ಅದಿಲ್ಲದವರಿಗೂ ದಾರಿಯಿದೆ: ಲಿನಕ್ಸಿನೊಳಗಿಂದ ‘ಎಫಿಬೂಟ್‌ಎಂಜಿಆರ್’ ಎಂಬ ಆಜ್ಞೆ ಕೊಟ್ಟು, ಮುಂದಿನ ಸಲ ವಿಂಡೋಸಿಗೆ ಹೋಗೆಂದು ಮೊದಲೇ ಹೇಳಿಡಬಹುದು. ಮಾತಿಲ್ಲದ ಜಾಗದಲ್ಲಿ ಮಾಡಬೇಕಾದ ತೀರ್ಮಾನವನ್ನು ಮಾತಿರುವ ಜಾಗದಲ್ಲಿಯೇ ಮಾಡಿ ಮುಗಿಸುವುದು ಇದರ ಸೂತ್ರ.

ನಮ್ಮ ವಾಚಕರ ಮನೆಗಳಲ್ಲಿಯೂ ನೆಂಟರಲ್ಲಿಯೂ ಕಣ್ಣಿಲ್ಲದವರು ಇದ್ದೇ ಇರುತ್ತಾರೆ. ಇಂದು ಲಿನಕ್ಸಾಗಬಹುದು, ನಾಳೆ ಬೇರೆ ಏನಾದರೂ ಆಗಬಹುದು. ಮೂಕವಾದ ಪರದೆಯೊಂದರ ಮುಂದೆ ಅವರು ನಮ್ಮನ್ನು ಕರೆಯುವ ಹೊತ್ತು ಬಂದೇ ಬರುತ್ತದೆ. ಆಗ ನೆನಪಿನಲ್ಲಿಡತಕ್ಕವು:

1. ಪರದೆಯ ಮೇಲಿರುವುದನ್ನು ಮೇಲಿನಿಂದ ಕೆಳಕ್ಕೆ ಇದ್ದ ಹಾಗೆ ಓದಬೇಕು. “ಏನೂ ಇಲ್ಲ”, “ಎಲ್ಲಾ ಸರಿ”, “ಯಾವಾಗಲೂ ಬರುವುದೇ” ಎಂಬ ಮಾತುಗಳು ಬೇಡ.

2. ಯಾವುದಕ್ಕೆ ಗುರುತಿದೆ, ಯಾವುದು ಬಣ್ಣದಿಂದ ಎದ್ದು ಕಾಣುತ್ತಿದೆ ಎಂಬುದನ್ನು ಬೇರೆಯಾಗಿ ಹೇಳಬೇಕು. ಬಣ್ಣದಲ್ಲಿ ಮಾತ್ರ ಇರುವ ಸಂಗತಿ ಅವರಿಗೆ ಬೇರೆ ಯಾವ ದಾರಿಯಿಂದಲೂ ತಲಪುವುದಿಲ್ಲ.

3. “ಇಲ್ಲಿ”, “ಅಲ್ಲಿ”, “ಈ ಕಡೆ” ಎಂದು ಬೆರಳು ತೋರಿಸಿ ಪ್ರಯೋಜನವಿಲ್ಲ. “ಮೂರನೆಯ ಸಾಲು”, “ಬಲಗಡೆಯ ಕೆಳಮೂಲೆ” ಎನ್ನಬೇಕು.

4. ಕೀಲಿಮಣೆಗೂ ಮೌಸಿಗೂ ಕೈಹಾಕಬಾರದು. ಅವರು ಒತ್ತುವ ತನಕ ಕಾಯಬೇಕು. ಬೇಗನೆ ಮುಗಿಸಿಕೊಡುವುದು ಉಪಕಾರವೆಂದು ತೋರುತ್ತದೆ. ಆದರೆ ಮುಂದಿನ ಸಲ ಅವರೊಬ್ಬರೇ ಇದ್ದಾಗ ಆ ಉಪಕಾರದಿಂದ ಏನೂ ಉಳಿದಿರುವುದಿಲ್ಲ.

5. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ‘ಬಿ ಮೈ ಐಸ್’ ಎಂಬ ಮೊಬೈಲ್ ತಂತ್ರಾಂಶವನ್ನು ಅವರಿಗೆ ಪರಿಚಯ ಮಾಡಿಸಬಹುದು. ಡೆನ್ಮಾರ್ಕಿನ ಹಾನ್ಸ್ ಯೋರ್ಗನ್ ವೀಬರ್ಗ್ ಅವರ ಕಲ್ಪನೆಯಿಂದ 2015 ರಲ್ಲಿ ಆರಂಭವಾದ ಇದರಲ್ಲಿ, ಕಣ್ಣಿರುವ ಸ್ವಯಂಸೇವಕರೊಬ್ಬರು ಮೊಬೈಲಿನ ಕ್ಯಾಮರಾದ ಮೂಲಕ ನೋಡಿ ಓದಿಹೇಳುತ್ತಾರೆ. ವಾಚಕರೂ ಸ್ವಯಂಸೇವಕರಾಗಿ ಸೇರಬಹುದು.

6. ದೊಡ್ಡ ಬದಲಾವಣೆಗೆ ಮೊದಲು ಕಡತಗಳ ನಕಲು ತೆಗೆದಿದೆಯೇ, ಡಿಸ್ಕಿನ ಬೀಗದ ಕೀಲಿ ಕೈಗೆ ಸಿಕ್ಕುವಂತಿದೆಯೇ ಎಂದು ಕೇಳಬೇಕು. ಹೆಚ್ಚಾಗಿ ಅವರೇ ನಮಗಿಂತ ಮೊದಲು ಅದನ್ನು ಮಾಡಿರುತ್ತಾರೆ. ನಮ್ಮ ಯಂತ್ರಗಳಿಗೂ ಮಾಡಿಟ್ಟುಕೊಂಡರೆ ನಮಗೇ ಒಳ್ಳೆಯದು.

ಇದಿಷ್ಟು ನಮ್ಮಿಂದ ಆಗತಕ್ಕದ್ದು. ತಯಾರಕರಿಂದ ಆಗತಕ್ಕದ್ದೂ ಉಂಟು. ನಮ್ಮ ದೇಶದಲ್ಲಿ 2016 ರ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಕಾಯಿದೆಯಿದೆ. 2025 ರ ಏಪ್ರಿಲ್ 30 ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆಗಳಿಗೆ ಪ್ರವೇಶ ದೊರೆಯುವುದು ಸಂವಿಧಾನದ 21 ನೆಯ ವಿಧಿಯು ಕೊಟ್ಟ ಜೀವಿಸುವ ಹಕ್ಕಿಗೇ ಸೇರಿದ್ದೆಂದು ತೀರ್ಪು ಕೊಟ್ಟಿತು. ಕಾನೂನು ದೊಡ್ಡ ಮಾತು. ನಾನು ಕಣ್ಣಾರೆ ಕಂಡದ್ದು ಅದಕ್ಕಿಂತ ಸಣ್ಣದು: ಎರಡು ಬೀಪಿನ ಸದ್ದು, ಬಟನ್ನಿಗೊಂದು ಹೆಸರು, ಪ್ರಶ್ನೆಗೆ ಸಂಖ್ಯೆ ಹಾಕಿದ ಉತ್ತರ. ಇವಿದ್ದ ಕಡೆ ನಮ್ಮ ಹುಡುಗನು ತಾನೊಬ್ಬನೇ ನಡೆದನು. ಇಲ್ಲದ ಕಡೆ ನನ್ನಂಥವನ ಅರೆಮನಸ್ಸಿನ ಕಣ್ಣನ್ನು ನಂಬಬೇಕಾಗಿ ಬಂದಿತು.

ಹಬ್ಬ ಮುಗಿಸಿಕೊಂಡು ಹೊರಡುವ ದಿನ ಬೆಳಿಗ್ಗೆ ಅವನು ಕಾಲೇಜಿನ ಯಾವುದೋ ಪಟ್ಟಿಯನ್ನು ಕಳುಹಿಸಬೇಕಾಗಿತ್ತು. ನಾನು ಹಜಾರದಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದೆ. ಕೋಣೆಯಿಂದ ಯಂತ್ರ ಒಂದು ಸಲ ಕೂಗಿದ್ದು ಕೇಳಿಸಿತು. ಕೀಲಿಯ ಸದ್ದು ಎರಡು ಸಲ, ಆಮೇಲೆ ಒಂದು ಸಲ. ಸ್ವಲ್ಪ ಹೊತ್ತು ಏನೂ ಇಲ್ಲ. ನಾನು ಲೋಟವನ್ನು ಕೆಳಗಿಟ್ಟು ಏಳುವುದರಲ್ಲಿದ್ದೆ. ಅಷ್ಟರಲ್ಲಿ ಆ ಯಂತ್ರದ ಕಂಠವು ಮಾತನಾಡತೊಡಗಿತು. ಕರೆ ಬರಲಿಲ್ಲ, ನಾನು ಮತ್ತೆ ಕುಳಿತು ಕಾಫಿಯನ್ನು ಮುಗಿಸಿದೆ.